ಚೀಲದ ತೂಕ ಕಳೆದು

ಬೈಲಹೊಂಗಲದ ಹತ್ತಿ ವ್ಯಾಪಾರಿ ವಿರೂಪಾಕ್ಷಪ್ಪನಿಗೆ ತನ್ನ ಹೊಟ್ಟೆಯ ಬಗ್ಗೆ ಯಾವ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಹೆಂಡತಿ ನೀಲಾಳಿಗೆ.

“ನಿಮ್ಮ ಹೊಟ್ಟಿ ನೋಡಿದ್ರ ನನಗ ಅಂಜಿಕಿ ಬರತೈತ್ರಿ,” ಎಂದಳು ಪಂಚಮಿಯ ದಿನ, ಅವನು ಆರನೆಯ ಶೇಂಗಾ ಉಂಡಿಗೆ ಕೈ ಚಾಚಿದಾಗ. “ಡಾಕ್ಟರ್ ನಡೀರಿ ಅಂತ ಹೇಳ್ಯಾರ. ನೀವು ನೋಡಿದ್ರ ಅಂಗಡಿಗೂ ಸ್ಕೂಟರ್ ಬಿಟ್ಟು ಇಳ್ಯಂಗಿಲ್ಲ.”

“ನಿಂದೇನ್ ಕಡಿಮಿ ಐತಿ?” ಎಂದುಬಿಟ್ಟ ವಿರೂಪಾಕ್ಷಪ್ಪ. ಮೂವತ್ತು ವರ್ಷ ಸಂಸಾರ ಮಾಡಿದವನು ಆಡುವ ಮಾತಲ್ಲ.

ನೀಲಾ ಆಗಲೇ ಅವನನ್ನು ಅಂಗಡಿಗೆ ಕರೆದೊಯ್ದು ಹತ್ತಿ ತೂಗುವ ಕಾಟಾದ ಮೇಲೆ ನಿಲ್ಲಿಸಿದಳು. ತೊಂಬತ್ತೆರಡು. ತಾನೂ ನಿಂತಳು. ಎಪ್ಪತ್ತೊಂದು. (ಅಂದು ಇಬ್ಬರ ತೂಕದಲ್ಲೂ ಏನನ್ನೂ ಕಳೆದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.) ದೀಪಾವಳಿಗೆ ಅಂಗಡಿಯ ಲಕ್ಷ್ಮೀಪೂಜೆಯ ದಿನ ಮತ್ತೆ ತೂಗುವುದು ಎಂದು ಪಂಥ ಬಿತ್ತು. ಅವನು ಹೆಚ್ಚು ಇಳಿದರೆ ಒಂದು ವರ್ಷ ಅವಳು ಹೊಟ್ಟೆಯ ಸುದ್ದಿ ಎತ್ತಬಾರದು. ಅವಳು ಹೆಚ್ಚು ಇಳಿದರೆ ಸ್ಕೂಟರಿನ ಕೀಲಿ ಅವಳ ಕೈಗೆ.

ಮರುದಿನವೇ ವಿರೂಪಾಕ್ಷಪ್ಪ ಬಿಳಿ ಬೂಟು ತೊಟ್ಟು ಬೆಳಗಿನ ವಾಯುಸೇವನೆಗೆ ಹೊರಟ. ಹೆಜ್ಜೆಯಲ್ಲಿ ಠೀವಿ, ಮುಖದಲ್ಲಿ ಗೆದ್ದ ಕಳೆ. ಆದರೆ ಶ್ರಾವಣದಲ್ಲಿ ಬೈಲಹೊಂಗಲದ ಓಣಿಗಳಲ್ಲಿ ಸುಮ್ಮನೆ ನಡೆಯಲು ಯಾರು ಬಿಟ್ಟಾರು? “ಬರ್ರಿ ಸಾವ್ಕಾರ್ರ, ಉಂಡಿ ತಿಂದು ಹೋಗ್ರಿ.” ಹಬ್ಬದ ಉಂಡಿ ಬೇಡವೆಂದರೆ ಮನೆಗೇ ಅವಮಾನ. ಯಾರ ಮನಸ್ಸೂ ನೋಯದಂತೆ ಅವನು ನಾಲ್ಕು ಹೆಜ್ಜೆಗೊಂದು ಕಟ್ಟೆಯ ಮೇಲೆ ಕೂತ. ಹಿಂದೆಯೇ ಚೌತಿಯ ಕಡುಬು, ನವಮಿಯ ಹೋಳಿಗೆ. ಶೀಗಿ ಹುಣ್ಣಿಮೆಗಂತೂ ಸಂಗೊಳ್ಳಿಯ ರೈತ ಶಟ್ಟೆಪ್ಪನ ಹೊಲದಲ್ಲಿ ಹಬ್ಬದೂಟಕ್ಕೆ ಕೂತವನನ್ನು ಇಬ್ಬರು ಕೈಕೊಟ್ಟು ಎಬ್ಬಿಸಬೇಕಾಯಿತು.

ಆದರೂ ಅವನಿಗೆ ಚಿಂತೆಯಿರಲಿಲ್ಲ. ಪ್ರತಿ ಸೋಮವಾರ ಕಾಟಾ ಹತ್ತುತ್ತಿದ್ದ. ರೈತರ ಹತ್ತಿ ತೂಗುವಾಗ ಹುಟ್ಟಿದಾಗಿನಿಂದ ಚೀಲದ ತೂಕ ಕಳೆಯದೆ ಒಂದು ಅಂಕಿ ಬರೆದ ಕೈಯಲ್ಲ ಅದು. ಧೋತರ, ಅಂಗಿ, ಬೂಟು, ಮೊಬೈಲು ಕಳೆದ. ಆಗಷ್ಟೇ ಕುಡಿದ ಚಹಾ ಕಳೆದ. ನಿನ್ನೆಯ ಹೋಳಿಗೆ ಇನ್ನೂ ದಾರಿಯಲ್ಲಿದೆ, ಮೈಗೆ ಹತ್ತಿಲ್ಲ ಎಂದು ಅದನ್ನೂ ಕಳೆದ. ಎಷ್ಟು ತಿಂದರೂ ತೂಕ ತೊಂಬತ್ತು ದಾಟಲಿಲ್ಲ.

ಪೂಜೆಯ ಸಂಜೆ ಕಾಟಾ ತೊಂಬತ್ತೈದು ತೋರಿಸಿತು.

“ಚೀಲದ್ದು ಐದು ಕಳೀರಿ. ತೊಂಬತ್ತು. ಎರಡು ಕಿಲೋ ಇಳದೇನಿ,” ಎಂದ ವಿರೂಪಾಕ್ಷಪ್ಪ ನಿರಾಳವಾಗಿ.

ನೀಲಾ ಇಳಕಲ್ ಸೀರೆ, ಮೈತುಂಬ ಬಂಗಾರ ಹಾಕಿಕೊಂಡೇ ಹತ್ತಿದಳು. ಅರವತ್ತೊಂಬತ್ತೂವರೆ.

“ನಿಂದು ಒಂದೂವರಿ, ನಂದು ಎರಡು. ಮುಗೀತು.”

ಬೇರೆ ರೈತರೊಡನೆ ಪ್ರಸಾದಕ್ಕೆ ಕಾಯುತ್ತಿದ್ದ ಶಟ್ಟೆಪ್ಪ ಗಂಟಲು ಸರಿಮಾಡಿಕೊಂಡ. “ಸಾವ್ಕಾರ್ರ, ಅಕ್ಕಾರಿಗೆ ಚೀಲದ್ದು ಕಳೀಲಿಲ್ಲಲ್ರಿ?”

“ಅಕೀಗ್ಯಾಕ?”

“ಒಂದ ಕಾಟಾದ ಮ್ಯಾಲ ಎರಡು ಕಾಯ್ದೆ ಹೆಂಗ್ರಿ? ನಾಳೆ ನಾನೂ ಹತ್ತಿ ತರಾಂವ.”

ಕೂತಿದ್ದ ರೈತರೆಲ್ಲ ತಲೆ ಎತ್ತಿ ನೋಡಿದರು. ವಿರೂಪಾಕ್ಷಪ್ಪ ಬೆವತ. ಕಳೆಯುವುದು ಬೇಡವೆಂದರೆ ತಾನು ಮೂರು ಕಿಲೋ ಏರಿದವನು. ಕಳೆದರೆ ಅವಳು ಆರೂವರೆ ಇಳಿದವಳು. ಹೇಗೆ ತೂಗಿದರೂ ಸೋಲು ಸೋಲೇ. ಕೀಲಿ ತೆಗೆದು ಕೊಟ್ಟ.

“ತಗೊಂಡು ಏನ್ ಮಾಡ್ತಿ? ನಿನಗ ಹೊಡ್ಯಾಕ ಬರೂದಿಲ್ಲ.”

“ಬರತೈತ್ರಿ. ನೀವು ದಿನಾ ಮುಂಜಾನೆ ಉಂಡಿ ತಿನ್ನಾಕ ಹೋಗ್ತಿದ್ರಿ, ಗಾಡಿ ಮನ್ಯಾಗ ಇರ್ತಿತ್ತು. ಕಲಿಯೂತನಕ ಹೊಡದದ್ದಕ್ಕಿಂತ ದಬ್ಬಿದ್ದ ಹೆಚ್ಚ.” ಸೆರಗು ಸಿಕ್ಕಿಸಿ ಸ್ಕೂಟರ್ ಚಾಲೂ ಮಾಡಿ ಹೊರಟೇಬಿಟ್ಟಳು.

ತಿರುವಿನಲ್ಲಿ ಸ್ಕೂಟರ್ ನಿಂತಿತು. ಎಷ್ಟಾದರೂ ಕೈಹಿಡಿದ ಹೆಂಡತಿ, ಕರುಣೆ ಬಂತು ಎಂದು ವಿರೂಪಾಕ್ಷಪ್ಪನ ಎದೆ ತುಂಬಿ ಬಂತು. ಧೋತರ ಎತ್ತಿ ಹಿಡಿದು ಏದುಸಿರು ಬಿಡುತ್ತ ಓಡಿದ. ಇನ್ನೆರಡು ಹೆಜ್ಜೆ ಇರುವಾಗ ಸ್ಕೂಟರ್ ಮುಂದೆ ಸರಿದು ಮುಂದಿನ ತಿರುವಿನಲ್ಲಿ ನಿಂತಿತು.

“ಹಂಗ ಬರ್ರಿ, ಚೊಲೋ ಓಡಾಕಹತ್ತೀರಿ,” ನೀಲಾ ತಿರುಗಿ ನೋಡಿ ಹೇಳಿದಳು. “ಇವತ್ತಿಗೆ ಮನೀತನಕ ಸಾಕು.”