ತೂಬು ಅಂದೆ, ತೂಬು!

ಕಾಲುವೆಯಲ್ಲಿ ಇನ್ನೊಂದು ಗೇಣು ನೀರು ಉಳಿದಿದ್ದರೆ ಹರ್ಬರ್ಟ್ ಸಗ್ಡನ್, ಸ್ಕಾರ್‌ಬಾಟಮ್ ಎಂಬ ಊರಿನ ಮಹಾಪುರುಷನಾಗುವ ಪ್ರಸಂಗವೇ ಬರುತ್ತಿರಲಿಲ್ಲ. ಅವನಿಗೆ ಅಂಥ ಆಸೆಯೂ ಇರಲಿಲ್ಲ. ಬೆಳಿಗ್ಗೆ ಎದ್ದು ಚಹಾದ ಮಗ್ಗು ಹಿಡಿದು ತನ್ನ ದೋಣಿಮನೆಯ ಹಿಂಭಾಗಕ್ಕೆ ಬರುವುದು, ಬಾತುಕೋಳಿಗಳಿಗೆ ಫ್ರಿಜ್ಜಿನ ಬಟಾಣಿ ಎಸೆಯುವುದು, ಆಮೇಲೆ ಯಾರ ತಂಟೆಗೂ ಹೋಗದೆ ಕೂತಿರುವುದು. ನಿವೃತ್ತನಾದ ಮೇಲೆ ಅವನು ಇಟ್ಟುಕೊಂಡ ಗುರಿ ಇಷ್ಟೇ. ಆ ಶನಿವಾರವೂ ಬಂದ, ಬಟಾಣಿ ಎಸೆದ. ಬಟಾಣಿ ಪುಳಕ್ ಎನ್ನುವ ಬದಲು ಟಣ್ ಎಂದಿತು.

ಬಗ್ಗಿ ನೋಡಿದ. ದೋಣಿಗೂ ದಂಡೆಗೂ ನಡುವೆ, ನಿನ್ನೆಯವರೆಗೆ ನೀರಿದ್ದ ಜಾಗದಲ್ಲಿ, ಹಿತ್ತಾಳೆಯ ಅಗಲವಾದ ಬಾಯೊಂದು ಕೆಸರಿನಿಂದ ಆಕಾಶ ನೋಡುತ್ತಿತ್ತು. ಬಿಸಿಲಿಗೆ ಅದರ ಅಂಚು ಫಳಫಳ ಹೊಳೆಯುತ್ತಿತ್ತು. ಹರ್ಬರ್ಟ್ ಚಹಾದ ಮಗ್ಗು ಕೆಳಗಿಟ್ಟ.

ಅದು ಪಕ್ಕದ ದೋಣಿಯ ಸೆಡ್ರಿಕ್‌ನ ಟ್ಯೂಬಾ.

ಟ್ಯೂಬಾ ಎಂದರೆ ಮಲಗಿದ ಕರುವಿನಷ್ಟು ದೊಡ್ಡ ಊದುವ ವಾದ್ಯ. ಊದಿದರೆ ಮಾತ್ರ ಕರು ಅಲ್ಲ, ಅದರ ಅಪ್ಪ ಕೂಗಿದಂತೆ ಕೇಳುತ್ತದೆ. ಸೆಡ್ರಿಕ್ ಗಿರಣಿಯ ಬ್ಯಾಂಡಿನಲ್ಲಿ ಜೀವಮಾನವಿಡೀ ಊದಿದವನು. ಗಿರಣಿ ಮುಚ್ಚಿತು, ಬ್ಯಾಂಡು ಚದುರಿತು, ಅವನ ಶ್ವಾಸಕೋಶ ಮಾತ್ರ ಗಟ್ಟಿಯಾಗಿಯೇ ಉಳಿಯಿತು. ಹಕ್ಕಿಗಳು ಏಳುವ ಮೊದಲೇ ದೋಣಿಯ ಮೇಲೆ ನಿಂತು ಭೋಂ ಎಂದರೆ ಹರ್ಬರ್ಟನ ಅಡುಗೆಮನೆಯ ತಟ್ಟೆಗಳು ತಾಳ ಹಾಕುತ್ತಿದ್ದವು. ಹೆಂಡತಿ ಡೋರೀನ್‌ಗೆ ಸಂಗೀತವೆಂದರೆ ಪ್ರಾಣ, ಕಿವಿ ಸ್ವಲ್ಪ ಮಂದ. "ಎಷ್ಟು ಇಂಪಾಗಿದೆ ಅಲ್ವಾ?" ಎನ್ನುತ್ತಿದ್ದಳು.

ಹೋದ ವರ್ಷ ಒಂದು ಸಂಜೆ ಸೆಡ್ರಿಕ್ ಟ್ಯೂಬಾವನ್ನು ತಿಕ್ಕಿ ತೊಳೆದು ದಂಡೆಯ ಮೇಲೆ ಒಣಗಲಿಟ್ಟು ಪಬ್ಬಿಗೆ ಹೋಗಿದ್ದ. ಹರ್ಬರ್ಟ್ ಅದನ್ನು ಸುಮ್ಮನೆ ನೋಡಲು ಹೋದವನು. ಕೈ ಹೇಗೆ ಮುಂದಾಯಿತೋ, ಕಾಲು ಹೇಗೆ ಒದೆಯಿತೋ ಅವನಿಗೇ ಗೊತ್ತಾಗಲಿಲ್ಲ. ಗುಳುಂ ಎಂದಿತು ಅಷ್ಟೇ. ಗುಜರಿ ಕಳ್ಳರ ಕೆಲಸ ಎಂದು ಊರು ತೀರ್ಮಾನಿಸಿತು. 'ಕಳೆದುಹೋಗಿದೆ' ಎಂಬ ಚೀಟಿಯನ್ನು ಮರಮರಕ್ಕೂ ಅಂಟಿಸಿದವನು ಹರ್ಬರ್ಟೇ.

ಮರುದಿನದಿಂದ ಬೆಳಗು ಮೌನವಾಯಿತು. ಆ ಮೌನದಲ್ಲಿ ಹರ್ಬರ್ಟನಿಗೆ ಒಂದು ಸತ್ಯ ತಿಳಿಯಿತು: ಸೆಡ್ರಿಕ್ ಚಿನ್ನದಂಥ ಮನುಷ್ಯ. ಇಬ್ಬರೂ ಜೀವದ ಗೆಳೆಯರಾದರು. ಈಗ ಈ ಹಿತ್ತಾಳೆಯ ಬಾಯಿ ಗುಟ್ಟು ಬಿಟ್ಟುಕೊಟ್ಟರೆ ಆ ಗೆಳೆತನ, ಹೆಂಡತಿಯ ಮುಂದಿನ ಮಾನ, ಎರಡೂ ಕೆಸರುಪಾಲು.

ತಪ್ಪೆಲ್ಲ ಮಳೆಯದು. ವಸಂತದಿಂದ ಯಾರ್ಕ್‌ಶೈರಿನ ಗುಡ್ಡಗಳ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಕಾಲುವೆ ಕಚೇರಿಯವರು ನೀರು ತಡೆದು ದೋಣಿ ದಾಟಿಸುವ ಲಾಕ್ ಗೇಟುಗಳಿಗೆ, ಮೇಲಿನದಕ್ಕೂ ಕೆಳಗಿನದಕ್ಕೂ, ಬೀಗ ಜಡಿದು ಹೋಗಿದ್ದರು. ನಡುವೆ ಸಿಕ್ಕಿಕೊಂಡ ದೋಣಿಗಳು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕೆಳಗಿನ ಗೇಟು ಬೇರೆ ಸೋರುತ್ತಿತ್ತು. ನೀರಿಳಿದಂತೆಲ್ಲ ದೋಣಿಗಳು ಕೆಸರಿನಲ್ಲಿ ಕೂತು ಒಂದೊಂದು ಕಡೆಗೆ ವಾಲಿದವು. ಡೋರೀನ್ ಬಾಣಲೆಗೆ ಒಡೆದು ಹಾಕಿದ ಮೊಟ್ಟೆಗಳೆಲ್ಲ ಒಂದೇ ಮೂಲೆಗೆ ಹೋಗಿ ಗುಂಪು ಕಟ್ಟುತ್ತಿದ್ದವು. ಗಂಡ ಹೆಂಡತಿ ಬೆಳಿಗ್ಗೆ ಏಳುವಾಗ ಒಬ್ಬರ ಮೇಲೊಬ್ಬರು ಗೋಡೆಗೆ ಅಂಟಿಕೊಂಡಿರುತ್ತಿದ್ದರು.

"ಹರ್ಬರ್ಟ್!" ಸೆಡ್ರಿಕ್ ತನ್ನ ದೋಣಿಯಿಂದ ಸೂಟ್‌ಕೇಸ್ ಎತ್ತಿ ತೋರಿಸಿದ. "ಇನ್ನು ನನ್ನ ಕೈಲಾಗಲ್ಲಪ್ಪ. ರಾತ್ರಿಯೆಲ್ಲಾ ಮಂಚದಿಂದ ಜಾರ್ತೀನಿ. ಸಂಜೆ ಬಸ್ಸಿಗೆ ವಿಟ್ಬಿಗೆ ಹೊರಟೆ, ತಂಗಿ ಮನೇಗೆ. ನೀರು ಬರೋವರೆಗೂ ಈ ಕಡೆ ತಲೆ ಹಾಕಲ್ಲ."

"ಹೋಗ್ಬಾ, ಹೋಗ್ಬಾ! ಸಮುದ್ರದ ಗಾಳಿ ಒಳ್ಳೇದು," ಎಂದ ಹರ್ಬರ್ಟ್. ಸಂಜೆಯವರೆಗೆ ಇದನ್ನು ಮುಚ್ಚಿಟ್ಟರೆ ಗೆದ್ದಂತೆ. ಒಳಗೆ ಓಡಿ ಕಾಲೊರಸು ತಂದು ಗುರಿಯಿಟ್ಟು ಹಿತ್ತಾಳೆಯ ಬಾಯಿ ಮೇಲೆ ಎಸೆದ.

ಕಾಲುವೆಯ ಆಚೆ ದಂಡೆಯ ದೋಣಿಯಲ್ಲಿ ಮಿಸೆಸ್ ಪಿಕಲ್ಸ್ ದುರ್ಬೀನು ಇಳಿಸಿದಳು. ಅದು ಹಕ್ಕಿ ನೋಡುವುದಕ್ಕೆಂದು ಕೊಂಡ ದುರ್ಬೀನು. ಹಕ್ಕಿಗಳು ಅವಳ ಕಣ್ಣಿಗೆ ಅಪರೂಪಕ್ಕೆ ಬೀಳುತ್ತಿದ್ದವು.

"ಏನ್ ಹರ್ಬರ್ಟ್, ಕಾಲೊರಸು ಕೆಸರಿಗೆ ಎಸೆದ್ರಲ್ಲ?"

"ಒಗೀತಾ ಇದೀನಿ."

"ಕೆಸರಲ್ಲಾ?"

"ನೀರು ಉಳಿಸ್ಬೇಕಲ್ಲ, ಮಿಸೆಸ್ ಪಿಕಲ್ಸ್!"

ಅವಳು ಒಪ್ಪಿಕೊಳ್ಳುವಷ್ಟರಲ್ಲಿದ್ದಳು. ಆದರೆ ಅವಳ ನಾಯಿ ಡ್ಯೂಕ್ ಒಪ್ಪಲಿಲ್ಲ. ಚಂಗನೆ ಕೆಸರಿಗೆ ಹಾರಿ, ನಡುವಿನ ಮೊಣಕಾಲುದ್ದ ನೀರು ದಾಟಿ ಬಂದು, ಕಾಲೊರಸನ್ನು ಕಚ್ಚಿ ಎಳೆದು ಆಚೆ ಹಾಕಿ, ಹಿತ್ತಾಳೆಯ ಬಾಯೊಳಗೆ ಮೂತಿಯಿಟ್ಟು ಬೊಗಳಿತು. ಒಂದು ಸಲ ಬೊಗಳಿದ್ದು ಒಳಗಿಂದ ಹುಲಿ ಗರ್ಜಿಸಿದಂತೆ ಕೇಳಿತು. ನಾಯಿ ತನ್ನ ದನಿಗೆ ತಾನೇ ಬೆಚ್ಚಿ ಓಟ ಕಿತ್ತಿತು.

"ಡ್ಯೂಕ್! ಏನೋ ಅದು? ಏನಿದೆಯೋ ಅಲ್ಲಿ?" ಮಿಸೆಸ್ ಪಿಕಲ್ಸ್ ದುರ್ಬೀನು ಏರಿಸತೊಡಗಿದಳು.

ಯೋಚಿಸಲು ಹೊತ್ತಿರಲಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡಿದ್ದ ಹರ್ಬರ್ಟ್ ದೋಣಿಯಿಂದ ಧುಮುಕಿದ. ಎಡಗಾಲು ಕೆಸರಿಗೆ ಬಿತ್ತು, ಬಲಗಾಲು ನೇರವಾಗಿ ಟ್ಯೂಬಾದ ಬಾಯಿಗೆ. ಬೂಟು ಒಳಗೆ ಜಾರಿ ಅದರ ಗಂಟಲಲ್ಲಿ ಬಿರಡೆಯಂತೆ ಕೂತುಬಿಟ್ಟಿತು. ಎಳೆದ, ಬರಲಿಲ್ಲ. ತಿರುಗಿಸಿದ, ಇನ್ನೂ ಆಳಕ್ಕೆ ಹೋಯಿತು. ತೊಟ್ಟ ನಿಲುವಂಗಿಯನ್ನು ಹರಡಿ ಅಂಚನ್ನೆಲ್ಲ ಮುಚ್ಚಿಕೊಂಡು, ಏನೂ ಆಗದವನಂತೆ ಸಿಳ್ಳೆ ಹಾಕತೊಡಗಿದ.

ಗದ್ದಲಕ್ಕೆ ಎಲ್ಲ ದೋಣಿಗಳಿಂದಲೂ ತಲೆಗಳು ಹೊರಬಂದವು. ಸೆಡ್ರಿಕ್ ದಂಡೆಗೆ ಬಂದ. ಡೋರೀನ್ ಕಿಟಕಿಯಿಂದ ಕತ್ತು ಹೊರಹಾಕಿ ಕೂಗಿದಳು: "ಹರ್ಬರ್ಟ್! ನಿಲುವಂಗೀಲಿ ಅಲ್ಲೇನ್ ಮಾಡ್ತಿದ್ದೀಯ? ಕಾಲ ಕೆಳಗೆ ಏನದು?"

ಮೂವತ್ತು ವರ್ಷ ಹೆಂಡತಿಯ ಪ್ರಶ್ನೆಗೆ ತಕ್ಷಣ ಉತ್ತರ ಕೊಟ್ಟು ಅಭ್ಯಾಸವಾದ ಬಾಯಿ ಅದು. "ಟ್ಯೂಬಾ," ಎಂದುಬಿಟ್ಟಿತು.

ಸೆಡ್ರಿಕ್‌ನ ಮುಖ ಬಿಳಿಚಿತು. "ಏನಂದೆ?"

"ತೂಬು!" ಹರ್ಬರ್ಟ್ ಕಿರುಚಿದ. "ತೂಬು ಅಂದೆ, ತೂಬು! ಮೇಲಿನ ಗೇಟಿನ ತೂಬು! ಅದನ್ನ ತೆರೀಬೇಕು! ಎಷ್ಟು ದಿನ ಅಂತ ಹೀಗೆ ವಾಲ್ಕೊಂಡಿರೋದು? ನಾವೇನು ಮನುಷ್ಯರಲ್ವಾ?" ಮಾತು ಶುರುವಾದ ಮೇಲೆ ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಜತೆಗೆ, ಎಳೆದರೂ ಬಾರದ ಕಾಲಿಗೆ ಒಂದು ಕಾರಣ ಬೇಕಿತ್ತು. "ತೂಬು ತೆರೆದು ನೀರು ಬಿಡೋವರೆಗೂ ನಾನು ಇಲ್ಲಿಂದ ಕಾಲು ಕೀಳಲ್ಲ!"

ಮಿಸೆಸ್ ಪಿಕಲ್ಸ್ ದುರ್ಬೀನನ್ನು ಎದೆಗೊತ್ತಿಕೊಂಡು, "ಇಂಥ ಗಂಡಸು ನಮ್ಮ ಎದುರಿಗೇ ಇದ್ದ, ನನಗೆ ಕಾಣ್ಲೇ ಇಲ್ವಲ್ಲ!" ಎಂದಳು. ದಂಡೆಯಲ್ಲಿ ಚಪ್ಪಾಳೆ ಬಿತ್ತು.

"ನಾನೂ ಇಳೀತೀನಿ ಕಣೋ, ನಿನ್ನ ಪಕ್ಕದಲ್ಲೇ ನಿಲ್ತೀನಿ," ಎಂದು ಸೆಡ್ರಿಕ್ ಪ್ಯಾಂಟು ಮಡಿಸತೊಡಗಿದ.

"ಬೇಡ! ನಿನ್ನ ಮಂಡಿ ನೋವು! ಒಬ್ಬ ನಿಂತ್ರೆ ಸಾಕು!"

"ನೋಡಿದ್ರಾ? ಈ ಹೊತ್ತಲ್ಲೂ ನನ್ನ ಮಂಡಿ ಚಿಂತೆ ಇವನಿಗೆ," ಎಂದು ಸೆಡ್ರಿಕ್ ಕಣ್ಣೊರೆಸಿಕೊಂಡ.

ಮಿಸೆಸ್ ಪಿಕಲ್ಸ್ ಫೋಟೋ ತೆಗೆದಳು. ಫೋಟೋ ಫೋನಿನಿಂದ ಫೋನಿಗೆ ಹಾರಿತು. ಸ್ಥಳೀಯ ರೇಡಿಯೋದವರು 'ಕೆಸರಿನಲ್ಲಿ ನಿಂತ ವೀರ' ಎಂದು ಬಿತ್ತರಿಸಿದರು. ಸುತ್ತಲಿನ ಹಳ್ಳಿಗಳಿಂದ ಜನ ಕುರ್ಚಿ ಮಡಿಸಿ ತಂದು ದಂಡೆಯ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನತೊಡಗಿದರು. ಯಾರೋ ಹರ್ಬರ್ಟನಿಗೂ ಉದ್ದ ಕೋಲಿನ ತುದಿಗೆ ಒಂದು ಮಾಂಸದ ಕಡುಬು ಕಟ್ಟಿ ಚಾಚಿದರು. ಮಧ್ಯಾಹ್ನ ಕಳೆಯುವುದರೊಳಗೆ ಕಾಲುವೆ ಕಚೇರಿಯಿಂದ ಗೇಟುಗಳ ಉಸ್ತುವಾರಿಯ ಬ್ರೆಂಡಾ ಬಂದಳು. ಸೊಂಟದಲ್ಲಿ ಎಲ್ಲ ಗೇಟುಗಳ ಬೀಗದ ಕೈ ಜೋತಾಡುತ್ತಿತ್ತು.

"ಆಯ್ತಪ್ಪ, ಫೋನ್ ಮೇಲೆ ಫೋನು ನಮಗೆ," ಎಂದಳು ಬ್ರೆಂಡಾ. "ಮೇಲಿನ ಕಟ್ಟೇಲಿ ಸ್ವಲ್ಪ ನೀರಿದೆ. ದೋಣಿ ತೇಲೋಷ್ಟು ಬಿಡು ಅಂದಿದಾರೆ. ಆದ್ರೆ ಕೆಳಗಿನ ಗೇಟು ಹೀಗೆ ಸೋರ್ತಿದ್ರೆ ಬಿಟ್ಟು ಏನುಪಯೋಗ? ಸೋರೋ ಬಕೆಟ್ಟಿಗೆ ನಾನು ನೀರು ತುಂಬಲ್ಲ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ತೂಬು."

ಜನ ಹರ್ಬರ್ಟನ ಮುಖ ನೋಡಿದರು. ನಾಯಕನ ಬಳಿ ಉಪಾಯವಿರಬೇಕಲ್ಲ. ಹರ್ಬರ್ಟನ ತಲೆಯಲ್ಲಿ ಇದ್ದದ್ದು ಬೂಟು ಮಾತ್ರ.

"ಬೂದಿ!" ಎಂದು ಕೂಗಿದವನು ಸೆಡ್ರಿಕ್. "ನಮ್ಮಜ್ಜ ಕಲ್ಲಿದ್ದಲು ದೋಣಿ ಓಡಿಸ್ತಿದ್ದಾಗ ಹೀಗೇ ಮಾಡ್ತಿದ್ದ. ಗೇಟಿನ ಮುಂದೆ ಬೂದಿ ಸುರಿದ್ರೆ, ಸೋರೋ ನೀರೇ ಅದನ್ನ ಸಂದಿಗೆ ಎಳ್ಕೊಂಡು ಹೋಗಿ ಮುಚ್ಚಿಬಿಡುತ್ತೆ!"

ಬೇಸಿಗೆಯಲ್ಲಿ ಯಾರ ಒಲೆಯಲ್ಲಿ ಬೂದಿ? ಆದರೆ ಪಬ್ಬಿನ ಹಿತ್ತಿಲಲ್ಲಿ ಇಡೀ ಚಳಿಗಾಲದ ಬೂದಿ ಗುಡ್ಡೆಯಾಗಿ ಬಿದ್ದಿತ್ತು. ಜನ ನುಗ್ಗಿದರು. ಬಕೆಟ್ಟು, ಮಗುವಿನ ಟಬ್ಬು, ಟೋಪಿ, ಪಬ್ಬಿನ ಐಸ್ ಪಾತ್ರೆ, ಸಿಕ್ಕಿದ್ದರಲ್ಲೆಲ್ಲ ತುಂಬಿ ತಂದರು. ಒಂದೊಂದು ಸುತ್ತಿಗೂ ಸೆಡ್ರಿಕ್ ಹರ್ಬರ್ಟನ ಹತ್ತಿರ ನಿಂತು ವರದಿ ಒಪ್ಪಿಸುತ್ತಿದ್ದ. "ಪಬ್ಬಿನ ಬೆಂಕಿಗೂಡಿನ ಮೇಲೆ ಬ್ಯಾಂಡಿನ ಹಳೇ ವಾದ್ಯ ತೂಗುಹಾಕಿದಾರಲ್ಲ, ಅದ್ರಲ್ಲೂ ತುಂಬ್ಕೊಂಡು ಬರೋಣ ಅಂದೆ. ಪಬ್ಬಿನವನು ಬೈದ!" ಮುಖವೆಲ್ಲ ಬೂದಿ ಬಳಿದುಕೊಂಡು ಅವನು ನಗುವಾಗ ಹರ್ಬರ್ಟನಿಗೆ ನಿಜವಾಗಿ ಸಂಕಟವಾಯಿತು. ಟ್ಯೂಬಾದೊಳಗೆ ಕಾಲ್ಬೆರಳು ಮಡಿಸಿಕೊಂಡ.

ಗೇಟಿನ ಸಂದುಗಳಿಂದ ಚಿಮ್ಮುತ್ತಿದ್ದ ನೀರು ಮೊದಲು ಬೂದುಬಣ್ಣಕ್ಕೆ ತಿರುಗಿತು, ಆಮೇಲೆ ಸಣ್ಣಗಾಯಿತು, ಆಮೇಲೆ ತೊಟ್ಟಿಕ್ಕಿತು, ಆಮೇಲೆ ನಿಂತೇಹೋಯಿತು. ಬ್ರೆಂಡಾ ಬಗ್ಗಿ ನೋಡಿ, ಕೈ ಕೊಡವಿ, ಮೇಲಿನ ಗೇಟಿಗೆ ನಡೆದಳು. ಇಡೀ ದಂಡೆ ಅವಳ ಹಿಂದೆ ಹೊರಟಿತು. ತೂಬೆತ್ತುವ ಹಲ್ಲಿನ ಚಕ್ರ ಕಟಕಟ ತಿರುಗಿತು. "ತೂಬು! ತೂಬು!" ಎಂದು ಜನ ಕೂಗುತ್ತಿದ್ದರೆ, ಗುಡ್ಡದ ತಣ್ಣನೆಯ ನೀರು ಭೋರೆಂದು ನುಗ್ಗಿಬಂತು.

ಎಂಥ ಸಡಗರ ಅದು! ಕೆಸರಿನ ಬಿರುಕುಗಳು ಮುಚ್ಚಿಕೊಂಡವು. ಬಾತುಕೋಳಿಗಳು ಕೂಗಾಡುತ್ತ ಅತ್ತಿಂದಿತ್ತ ಈಜಿದವು. ವಾಲಿದ್ದ ದೋಣಿಗಳು ನಿದ್ದೆಯಿಂದೆದ್ದವರಂತೆ ಮೈಮುರಿದು ಒಂದೊಂದಾಗಿ ನೆಟ್ಟಗಾದವು. ಒಳಗೆ ಇಷ್ಟು ದಿನ ಓರೆಯಾಗಿದ್ದ ಕಪಾಟಿನ ಬಾಗಿಲುಗಳು ತಾವಾಗಿ ಮುಚ್ಚಿಕೊಂಡವು. ನೀರು ಹರ್ಬರ್ಟನ ಮಂಡಿಗೆ ಬಂತು, ತೊಡೆಗೆ ಬಂತು, ಸೊಂಟಕ್ಕೆ ಬಂತು. ಬೂಟಿನೊಳಗೂ ತುಂಬಿತು. ಆಗ ಅವನು ಉಸಿರು ಬಿಗಿಹಿಡಿದು ಒಂದೇ ಜಗ್ಗು ಜಗ್ಗಿದ. ಬೂಟು ಟ್ಯೂಬಾಕ್ಕೆ ಉಳಿಯಿತು, ಕಾಲು ಹರ್ಬರ್ಟನಿಗೆ ಬಂತು.

ದಂಡೆ ಹತ್ತಿದವನನ್ನು ಮೇಲಿನ ಗೇಟಿನಿಂದ ಓಡಿಬಂದ ಜನ ಹೆಗಲ ಮೇಲೆ ಎತ್ತಿಕೊಂಡರು. ಡೋರೀನ್ ಕೆಸರನ್ನೂ ಲೆಕ್ಕಿಸದೆ ಅವನನ್ನು ತಬ್ಬಿಕೊಂಡಳು. "ಮದುವೆಯಾದಾಗಿಂದ ನೀನು ಒಂದು ವಿಷಯಕ್ಕಾದ್ರೂ ಗಟ್ಟಿಯಾಗಿ ನಿಂತಿದ್ದು ನೋಡಿರ್ಲಿಲ್ಲ ಹರ್ಬರ್ಟ್. ಇವತ್ತು ನೋಡ್ದೆ," ಎಂದಳು. ಹರ್ಬರ್ಟನಿಗೆ ತನ್ನ ಮೇಲೆ ತನಗೇ ಹೆಮ್ಮೆಯೆನಿಸಿತು. ತಿರುಗಿ ನೋಡಿದ. ಆ ಜಾಗದಲ್ಲಿ ಈಗ ಆಳವಾದ, ಕಂದುಬಣ್ಣದ, ಏನೂ ಗೊತ್ತಿಲ್ಲದ ನೀರು.

ಸಂಜೆ ಪಬ್ಬಿನ ಅಂಗಳದಲ್ಲಿ ಹಬ್ಬ. ಹರ್ಬರ್ಟನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿದ್ದರು. ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು. ಎಲ್ಲರೂ ಬಿಯರ್ ಲೋಟ ಎತ್ತಿದರು.

"ಸೆಡ್ರಿಕ್, ನಿನ್ನ ಬಸ್ಸು ತಪ್ಪುತ್ತೆ!" ಎಂದು ಹರ್ಬರ್ಟ್ ನೆನಪಿಸಿದ.

"ಬಸ್ಸು ಹೋಯ್ತು, ಹೋಗ್ಲಿ! ದೋಣಿ ನೆಟ್ಟಗಾದ ಮೇಲೆ ತಂಗಿ ಮನೆ ಯಾಕೆ? ನೀರು ತರಿಸಿ ನನ್ನ ಉಳಿಸ್ಕೊಂಡೆಯಲ್ಲೋ ಮಾರಾಯ!" ಸೆಡ್ರಿಕ್ ಅವನ ಭುಜ ತಟ್ಟಿದ. "ಪೂರಾ ಬೇಸಿಗೆ ಇಲ್ಲೇ ಇರ್ತೀನಿ."

ಅಷ್ಟರಲ್ಲಿ ಪಬ್ಬಿನವನು ಒಳಗಿಂದ ಏನನ್ನೋ ಹೊತ್ತು ಬಂದ. ಬೆಂಕಿಗೂಡಿನ ಮೇಲೆ ತೂಗುತ್ತಿದ್ದ ಬ್ಯಾಂಡಿನ ವಾದ್ಯ. ಅದೂ ಟ್ಯೂಬಾನೇ, ಹಳೆಯದಕ್ಕಿಂತ ಒಂದು ಸುತ್ತು ದಪ್ಪ. "ಬೂದಿ ಉಪಾಯ ಹೇಳಿದವನಿಗೆ ಊರಿನ ಉಡುಗೊರೆ," ಎಂದು ಸೆಡ್ರಿಕ್‌ನ ತೋಳಿಗಿಟ್ಟ. ಸೆಡ್ರಿಕ್ ಮಗುವನ್ನೆತ್ತಿಕೊಂಡಂತೆ ಎತ್ತಿಕೊಂಡು ಭೋಂ ಎಂದ. ಮೇಜಿನ ಲೋಟಗಳು ನಡುಗಿದವು. ಡೋರೀನ್ ಕಣ್ಣುಮುಚ್ಚಿ ತಲೆದೂಗಿದಳು.

ಹರ್ಬರ್ಟ್ ನಗು ಬಿಡದೆ ಬ್ರೆಂಡಾಳತ್ತ ಬಾಗಿದ. "ಈ ಲಾಕ್ ಗೇಟುಗಳು? ದೋಣಿ ಆಚೆ ತಗೊಂಡು ಹೋಗ್ಬಹುದಾ ಈಗ?"

"ಎಲ್ಲಾದ್ರೂ ಉಂಟಾ? ಬೀಗ ಬೀಗವೇ. ಶರತ್ಕಾಲದ ಮಳೆ ಬರೋವರೆಗೂ ಎಲ್ರೂ ಇದ್ದಲ್ಲೇ."

ಆದರೂ ಹರ್ಬರ್ಟ್ ಪೂರ್ತಿ ಎದೆಗುಂದಲಿಲ್ಲ. ಕಾಲುವೆಯಲ್ಲಿ ಈಗ ನೀರು ಸಾಕಷ್ಟಿದೆ, ಆಳವೂ ಇದೆ. ಸೆಡ್ರಿಕ್ ಮತ್ತೊಂದು ಸಂಜೆ ಪಬ್ಬಿಗೆ ಹೋಗದೆ ಇರುತ್ತಾನೆಯೇ? ಅವನು ನೀರಿನತ್ತ ಒಂದು ಸಲ ನೋಡಿ ಬಿಯರ್ ಗುಟುಕರಿಸಿದ.

ಆಗ ಸೆಡ್ರಿಕ್ ಊದುವುದು ನಿಲ್ಲಿಸಿ, ಹತ್ತಿರ ಬಂದು, ಆ ಹಿತ್ತಾಳೆಯ ರಾಶಿಯನ್ನು ಹರ್ಬರ್ಟನ ಮಡಿಲಿಗೇ ಇಟ್ಟ. "ಹೋದ ಸಲ ದಂಡೇಲಿಟ್ಟು ಕಳ್ಕೊಂಡೆ. ಈ ಸಲ ಆ ತಪ್ಪು ಮಾಡಲ್ಲ. ಇದು ನಿನ್ನ ದೋಣೀಲೇ ಇರುತ್ತೆ, ನಿನ್ನ ಮಂಚದ ಕೆಳಗೆ. ನಿನ್ನಂಥವನ ಹತ್ರ ಇರೋವಾಗ ಯಾವ ಕಳ್ಳ ಮುಟ್ತಾನೆ? ಕಳೆದ್ರೆ ನಿನ್ನನ್ನೇ ಕೇಳ್ತೀನಿ! ದಿನಾ ಬೆಳಿಗ್ಗೆ ನಾನೇ ಬಂದು ಅಲ್ಲೇ ಊದಿ ಹೋಗ್ತೀನಿ."

"ಖಂಡಿತ ಬಾ ಸೆಡ್ರಿಕ್! ಚಹಾ ನನ್ನದು!" ಎಂದಳು ಡೋರೀನ್.

ಹರ್ಬರ್ಟ್ ಏನೋ ಹೇಳಲು ಬಾಯಿ ತೆರೆದ. ಇಡೀ ದಿನ ಕೂಗಿದ ಮಾತೊಂದೇ ನಾಲಗೆಗೆ ಅಂಟಿಕೊಂಡಿತ್ತು. "ತೂಬು..." ಎಂದು ತೊದಲಿದ.

ಸೆಡ್ರಿಕ್ ಪ್ರೀತಿಯಿಂದ ಅವನ ಬೆನ್ನು ಸವರಿದ.

"ತೂಬು ಅಲ್ಲ ಕಣೋ. ಟ್ಯೂಬಾ."