ಬಾಗಿಲಿಲ್ಲದ ಸಂಘ

ನಮ್ಮ ಕಾಕಾನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿತ್ತು, ಗುಟ್ಟು ನಿಲ್ಲುತ್ತಿರಲಿಲ್ಲ! ಬೇರೆಯವರ ಗುಟ್ಟಲ್ಲ ಮತ್ತೆ, ಸ್ವಂತದ್ದೇ. ನೆಗಡಿಯಾದರೂ ಓಣಿಗೆಲ್ಲ ಹೇಳಿ ಸಲಹೆ ಕೇಳುವ ಆಸಾಮಿ.

‘ಸಹಕಾರ’ ಎಂಬ ಮಾತು ಇಳಕಲ್ಲಿಗೆ ಹೊಸದಾಗಿ ಬಂದಿದ್ದ ಕಾಲ ಅದು. ನೇಕಾರರು ರೇಷ್ಮೆಯನ್ನು ಒಟ್ಟಿಗೆ ತರಿಸಲು ಸಂಘ ಕಟ್ಟಿ ಕಾಕಾನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಅವನು ಮಾಡಿದ ಮೊದಲ ಕೆಲಸವೇನು ಗೊತ್ತೇ? ಸಂಘದ ಕೋಣೆಯ ಬಾಗಿಲು ಕಿತ್ತು ಹಾಕಿದ್ದು!

“ಬಾಗಲಾ ಇದ್ರ ಮುಚ್ಚಬೇಕನಸ್ತೈತಿ. ಇಲ್ಲದಿದ್ರ ತಕರಾರ ಇಲ್ಲ.”

ಮರುದಿನದ ಸಭೆಗೆ ಆಡುಗಳೂ ಬಂದವು. ಒಂದು ಆಡು ಠರಾವಿನ ಕಾಗದವನ್ನೇ ಮೆದ್ದಿತು. ಕಾಕಾ ಅದಕ್ಕೆ ಗಂಭೀರವಾಗಿ, “ವಿರೋಧ ಇದ್ರ ಬಾಯಿಲೆ ಹೇಳಬೇಕು, ತಿನ್ನಬಾರ್ದು!” ಎಂದ.

ಇನ್ನೊಮ್ಮೆ ತನ್ನ ಮೀಸೆ ಇರಬೇಕೋ ಬೇಡವೋ ಎಂದು ಸಭೆಯನ್ನು ಕೇಳಿದ. ಎಲ್ಲರೂ ಬೇಡವೆಂದು ಕೈ ಎತ್ತಿದರು. ಬೋಳಿಸಿಕೊಂಡು ಮನೆಗೆ ಬಂದರೆ ಕಾಕಿ ಹೊಸ್ತಿಲಲ್ಲೇ ತಡೆದಳು.

“ಊರೆಲ್ಲಾ ಕೇಳಿದ್ರಿ. ದಿನಾ ಆ ಮಾರಿ ನೋಡಾಕಿ ನಾ. ನನ್ನ ಕೇಳಿದ್ರೇನ್ರಿ?”



ಕಾಕಿ ಓಣಿಯ ಮಗ್ಗಗಳಿಗೆಲ್ಲ ರೇಷ್ಮೆ ಸುತ್ತಿಕೊಟ್ಟವಳು. ಅವಳ ಸೀರೆಗೆ ಮಾತ್ರ ಎಂದೂ ರೇಷ್ಮೆ ಸೆರಗಿರಲಿಲ್ಲ. ಆ ವರ್ಷ ನೇಯ್ದು ಕೊಡುತ್ತೇನೆಂದು ಕಾಕಾ ಮಾತು ಕೊಟ್ಟಿದ್ದ. ಆದರೆ ರೇಷ್ಮೆ ಬರುವುದೇ ಕಡಿಮೆಯಾಗಿ, ಕೊನೆಗೆ ಸಂಘದಲ್ಲಿ ಉಳಿದದ್ದು ಒಂದೇ ಸೆರಗಿಗೆ ಆಗುವಷ್ಟು. ಬೇಕೆಂದವರು ಇಬ್ಬರು: ಕಾಕಾ, ಮತ್ತು ಮಗ್ಗ ಖಾಲಿ ಬಿದ್ದಿದ್ದ ವಿಧವೆ ಹುಸೇನಬಿ. ಸಭೆಯಲ್ಲಿ ಹುಸೇನಬಿಯ ಪರ ಮೊದಲು ಎದ್ದ ಕೈ ಯಾರದು? ನಮ್ಮ ಕಾಕಾನದೇ!

ಕಾಕಿ ಬಯ್ಯಲಿಲ್ಲ. ಹಳೆಯ ಸೀರೆಯ ಸೆರಗು ಸಿಕ್ಕಿಸಿಕೊಂಡು ಮತ್ತೆ ನೂಲು ಸುತ್ತಲು ಕೂತಳು. ಬಯ್ದಿದ್ದರೇ ಚೆನ್ನಾಗಿತ್ತು, ಕಾಕಾನಿಗೆ ಅಂದು ರೊಟ್ಟಿ ಇಳಿಯಲಿಲ್ಲ.

ಕೆಲವು ವಾರಗಳ ಮೇಲೆ ಹುಸೇನಬಿ ಸಂಘಕ್ಕೆ ಒಂದು ಸೀರೆ ತಂದಳು. ಮನೆಮನೆಯವರು ತಮ್ಮ ಮಗ್ಗದಲ್ಲಿ ಉಳಿದ ತುಂಡು ರೇಷ್ಮೆಯನ್ನೆಲ್ಲ ಕೊಟ್ಟು ಅವಳಿಂದ ನೇಯಿಸಿದ್ದರು. ಒಬ್ಬರ ಮನೆಯ ಬಣ್ಣದಂತೆ ಇನ್ನೊಬ್ಬರದಿಲ್ಲ; ಒಂದೇ ಸೆರಗಿನಲ್ಲಿ ನಾಲ್ಕಾರು ಬಗೆಯ ಕೆಂಪು!

“ಇದು ಅಕ್ಕಾಗ, ನಿಮ್ಮ ಮನಿಯಾಕಿಗೆ. ನಮ್ಮ ಮನ್ಯಾಗ ಕೂತು ಠರಾವ್ ಮಾಡೀವ್ರಿ ಅಣ್ಣಾ, ಚಿಲಕಾ ಹಾಕ್ಕೊಂಡು,” ಎಂದಳು.

“ಚಿಲಕಾ ಹಾಕ್ಕೊಂಡ?” ಕಾಕಾ ಉರಿದುಬಿದ್ದ. “ನಡಿಯೂದಿಲ್ಲ! ಎಲ್ಲಾರ ಮುಂದ ಕೈ ಎತ್ರಿ!”

ಎಲ್ಲರೂ ಎತ್ತಿದರು. ಬಾಗಿಲಿಲ್ಲದ ಬಾಗಿಲಲ್ಲಿ ನಿಂತಿದ್ದ ಕಾಕಿಯೂ ನಗುತ್ತ ಎತ್ತಿದಳು.

“ಅಧ್ಯಕ್ಷರದು?” ಎಂದು ಯಾರೋ ಕೇಳಿದರು.

ಕಾಕಾನ ಕೈ ಏಳಲಿಲ್ಲ. ಎರಡೂ ಕೈಯಲ್ಲಿ ಆ ಸೆರಗು ಹಿಡಿದು ಕಣ್ಣಿಗೊತ್ತಿಕೊಂಡಿದ್ದ.