ಒಬ್ಬರು ಗಾರ್ಡ್, ಒಂದು ಗಾರ್ಡ್

ನಮ್ಮ ಮುದ್ರಣಾಲಯದ ಮುಖ್ಯ ಗೇಟಿನಲ್ಲಿ ಕರ್ತವ್ಯದ ಮೇಲಿರುವ ಗಾರ್ಡ್ ಉಕ್ಕಿನದು. ಈ ವಿಷಯದಲ್ಲಿ ಕಚೇರಿಯೊಳಗೆ ಯಾರಿಗೂ ಗೊಂದಲವಿಲ್ಲ. ಹೊರಗಿನಿಂದ ಬಂದವರು ಮಾತ್ರ ಒಂದು ಗಳಿಗೆ ನಿಂತು ಅದರ ಮೇಲಿರುವ ಟೋಪಿಯನ್ನು ನೋಡುತ್ತಾರೆ, ಆಮೇಲೆ ತಮ್ಮ ಚೀಲ ತೆರೆದು ಅದಕ್ಕೆ ತೋರಿಸಿ ಒಳಗೆ ಬರುತ್ತಾರೆ. ಅಂಥವರ ಅನುಕೂಲಕ್ಕಾಗಿ ಈ ವಿವರಣೆ.

ನಾನು ಇಲ್ಲಿ ಕರಡು ತಿದ್ದುವವನು. ಈ ಕಟ್ಟಡದಿಂದ ಹೊರಬೀಳುವ ಕಾಗದ ಯಾವುದೇ ಇರಲಿ, ಪರೀಕ್ಷೆಯ ಪ್ರಶ್ನೆಪತ್ರಿಕೆಯಾಗಲಿ ಶೌಚಾಲಯದ ಬಾಗಿಲಿಗೆ ಅಂಟಿಸುವ ಸೂಚನೆಯಾಗಲಿ, ನನ್ನ ಕೆಂಪು ಪೆನ್ನಿನ ಕೆಳಗೆ ಹಾದೇ ಹೋಗಬೇಕು. ಅಕ್ಷರ, ಒತ್ತಕ್ಷರ, ಲಿಂಗ, ವಚನ ಇವು ನನ್ನ ಜವಾಬ್ದಾರಿ. ಅರ್ಥ ನನ್ನ ವಿಭಾಗಕ್ಕೆ ಬರುವುದಿಲ್ಲ. ಯಾರ ವಿಭಾಗಕ್ಕೆ ಬರುತ್ತದೆ ಎಂದು ಒಮ್ಮೆ ವಿಚಾರಿಸಿದ್ದೆ. ಆ ಹುದ್ದೆ ಖಾಲಿ ಇದೆ ಎಂದರು.

ನಮ್ಮ ಕಟಿಂಗ್ ವಿಭಾಗದಲ್ಲಿ ಕಾಗದ ಕತ್ತರಿಸುವ ಒಂದು ಯಂತ್ರವಿದೆ. ಕಾಗದದ ದಪ್ಪ ಕಟ್ಟನ್ನು ಒಳಗೆ ತಳ್ಳಿ, ಅಂಚು ಸರಿಮಾಡಿ, ಪೆಡಲ್ ತುಳಿದರೆ ಮೇಲಿನಿಂದ ಬ್ಲೇಡ್ ಇಳಿಯುತ್ತದೆ. ಕಾಗದ ಯಾವುದು, ಕೈ ಯಾವುದು ಎಂದು ಅದು ವಿಚಾರಿಸುವುದಿಲ್ಲ. ಅದಕ್ಕೆಂದೇ ತಯಾರಿಸಿದವರು ಮುಂಭಾಗದಲ್ಲಿ ಉಕ್ಕಿನ ಜಾಲರಿಯೊಂದನ್ನು ಕೂರಿಸಿರುತ್ತಾರೆ. ಜಾಲರಿ ಕೈಗೆ ಅಡ್ಡ ಬಂದು ನಿಂತ ಮೇಲೆಯೇ ಬ್ಲೇಡ್ ಅಲುಗಾಡುವುದು. ಕೆಲಸಗಾರರು ಅದನ್ನು ಗಾರ್ಡ್ ಎನ್ನುತ್ತಾರೆ. ನಮ್ಮ ಯಂತ್ರದ ಗಾರ್ಡ್ ಬಹಳ ಹಿಂದೆಯೇ ಮುರಿದು ಗುಜರಿಗೆ ಹೋಗಿತ್ತು. ಅದರ ಹಿಂದೆಯೇ ಆಗಿನ ಮೇಸ್ತ್ರಿಯ ಅರ್ಧ ಬೆರಳೂ ಹೋಯಿತು. ಅವರನ್ನು ಈಗ ಕಡತ ಹೊರುವ ಕೆಲಸಕ್ಕೆ ಹಾಕಿದ್ದಾರೆ. ಎಲ್ಲರೂ ಅವರನ್ನು ಒಂಬತ್ತೂವರೆ ಎಂದು ಕರೆಯುತ್ತಾರೆ. ಹೊಸಬರು ಅದು ಕಚೇರಿ ತೆರೆಯುವ ಸಮಯವೆಂದು ತಿಳಿಯುತ್ತಾರೆ.

ಈಗಿನ ಕಟಿಂಗ್ ಮೇಸ್ತ್ರಿ ನನ್ನ ಅಕ್ಕನ ಗಂಡ. ಮನೆಯಲ್ಲಿ ಭಾವ ಎನ್ನುತ್ತೇನೆ, ಕಚೇರಿಯಲ್ಲಿ ಮೇಸ್ತ್ರಿಗಳೇ ಎನ್ನುತ್ತೇನೆ. ಕಚೇರಿಗೆ ಸಂಬಂಧ ತರುವ ಅಭ್ಯಾಸ ನನಗಿಲ್ಲ. ಅಕ್ಕ ಬೆಳಿಗ್ಗೆ ಬೇಗ ಹೊಲಿಗೆ ಅಂಗಡಿ ತೆರೆಯಬೇಕಾದ್ದರಿಂದ ಮಗಳಿಗೆ ತಲೆ ಬಾಚಿ ಎರಡು ಜಡೆ ಹಾಕಿ ಶಾಲೆಗೆ ಕಳಿಸುವುದು ಭಾವನ ಪಾಲಿನ ಕೆಲಸ. ಕಾಗದದ ಅಂಚು ಸರಿಮಾಡುವ ಹಾಗೇ ಬೈತಲೆಯನ್ನೂ ನೇರವಾಗಿ ತೆಗೆಯುತ್ತಾರೆ.

ಒಂದು ದಿನ ವ್ಯವಸ್ಥಾಪಕರು ಕಟಿಂಗ್ ವಿಭಾಗಕ್ಕೆ ಬಂದಾಗ ಭಾವ ಯಂತ್ರದ ಸದ್ದಿನ ನಡುವೆ ಕೂಗಿ ಹೇಳಿದರು:

"ಸಾರ್, ಈ ಮಷೀನಿಗೆ ಒಂದು ಗಾರ್ಡ್ ಬೇಕು. ಗಾರ್ಡ್ ಇಲ್ದೆ ಕೈ ಉಳಿಯಲ್ಲ."

ವ್ಯವಸ್ಥಾಪಕರು ಮೃದು ಹೃದಯದವರು. ಯಾರು ಏನು ಕೇಳಿದರೂ ಇಲ್ಲ ಎಂದವರಲ್ಲ, ಕೊಟ್ಟವರೂ ಅಲ್ಲ. ಈ ಸಲ ಮಾತ್ರ ಮರುದಿನವೇ ಆದೇಶ ಬರೆಸಿದರು. ಅದರ ಕರಡು ನನ್ನ ಮೇಜಿಗೆ ಬಂತು: "ಕಟಿಂಗ್ ಯಂತ್ರಕ್ಕೆ ಒಂದು ಗಾರ್ಡ್ ಅನ್ನು ನಿಯೋಜಿಸತಕ್ಕದ್ದು."

ಓದಿದ ಕೂಡಲೇ ನನ್ನ ಪೆನ್ನು ನಿಂತಿತು. ನಿಯೋಜಿಸುವುದು ಮನುಷ್ಯರನ್ನು. ಮನುಷ್ಯರನ್ನು ಒಂದು ಎನ್ನಬಹುದೇ? ಒಂದು ಮೇಜು, ಒಂದು ಬೀರು, ಒಂದು ಗಾರ್ಡ್? ನಮ್ಮ ಗೇಟಿನ ಗಾರ್ಡಣ್ಣ ದಿನಾ ಬೆಳಿಗ್ಗೆ ನನಗೆ ನಮಸ್ಕಾರ ಹೇಳುವವರು. ಅವರಂಥ ಕೆಲಸಗಾರರನ್ನೆಲ್ಲ ಹೀಗೆ ನಪುಂಸಕಲಿಂಗಕ್ಕೆ ತಳ್ಳುವುದು ಸರಿಕಾಣಲಿಲ್ಲ. "ಒಂದು ಗಾರ್ಡ್ ಅನ್ನು" ಎಂಬುದನ್ನು ಹೊಡೆದು "ಒಬ್ಬರು ಗಾರ್ಡ್ ಅವರನ್ನು" ಎಂದು ತಿದ್ದಿದೆ. ವ್ಯವಸ್ಥಾಪಕರು ಸಹಿ ಹಾಕುತ್ತಾ, "ನೋಡ್ರಿ, ಭಾಷೆ ಅಂದ್ರೆ ಇದು," ಎಂದರು.

ಹೊಸ ಹುದ್ದೆಗೆ ಮಂಜೂರಾತಿ ಇರಲಿಲ್ಲ. ಹಾಗಾಗಿ ಗೇಟಿನಲ್ಲಿದ್ದ ಗಾರ್ಡಣ್ಣನನ್ನೇ ಯಂತ್ರಕ್ಕೆ ನಿಯೋಜಿಸಲಾಯಿತು. ಅವರು ಲಾಠಿ, ಸೀಟಿ, ಕಾಲು ಮುರಿದ ಕುರ್ಚಿ ಸಮೇತ ಕಟಿಂಗ್ ವಿಭಾಗಕ್ಕೆ ಬಂದಾಗ ಭಾವನಿಗೆ ಏನೂ ಅರ್ಥವಾಗಲಿಲ್ಲ.

"ಏನ್ ಗಾರ್ಡಣ್ಣ, ಈ ಕಡೆ ಬಂದ್ರಿ?"

"ಆರ್ಡರ್ ಆಗಿದೆ. ಇನ್ಮೇಲೆ ಮಷೀನಿಗೆ ನಾನೇ ಗಾರ್ಡು."

"ಇದನ್ನ ಯಾರು ಕದೀತಾರಣ್ಣ? ಹತ್ತು ಜನ ಸೇರಿದ್ರೂ ಅಲ್ಲಾಡಲ್ಲ."

"ಅದೆಲ್ಲ ನಂಗೊತ್ತಿಲ್ಲ. ಗಾರ್ಡ್ ಕೆಲಸ ಎಲ್ಲಿದ್ರೂ ಒಂದೇ. ಒಳಗೆ ಹೋಗೋರನ್ನ ಕೇಳೋದು, ಹೊರಗೆ ಬರೋರನ್ನ ನೋಡೋದು."

ಭಾವ ನಿಟ್ಟುಸಿರು ಬಿಟ್ಟು ಕಾಗದದ ಕಟ್ಟನ್ನು ಒಳಗೆ ತಳ್ಳಿದರು. ಗಾರ್ಡಣ್ಣ ಸೀಟಿ ಊದಿದರು.

"ನಿಲ್ಲಿ. ಒಳಗೆ ಹೋಗ್ತಿರೋದು ಯಾರು?"

"ನನ್ನ ಕೈ."

"ಏನ್ ಕೆಲಸ?"

"ಪೇಪರ್ ಸರಿ ಮಾಡ್ಬೇಕು."

"ಎಷ್ಟೊತ್ತಿಗೆ ವಾಪಸ್ಸು?"

"ಬ್ಲೇಡ್ ಬರೋಕ್ ಮುಂಚೆ."

"ಹಂಗಂತ ಬರ್ದು ಸಹಿ ಹಾಕಿ."

ಹೀಗೆ ಪುಸ್ತಕ ಇಡಲಾಯಿತು. ಬಲಗೈ ಒಳಹೋಗುವ ಮೊದಲು ತಾನೇ ಸಹಿ ಹಾಕುತ್ತಿತ್ತು. ಎಡಗೈಗೆ ಬರೆಯಲು ಬಾರದ ಕಾರಣ ಹೆಬ್ಬೆಟ್ಟು ಒತ್ತಿಸಿಕೊಳ್ಳಲಾಗುತ್ತಿತ್ತು. ವಾರದೊಳಗೆ ಗೋಡೆಯ ಮೇಲೆ ಪ್ರಕಟಣೆಯೂ ಬಂತು: "ಯಂತ್ರದೊಳಗೆ ಪ್ರವೇಶಿಸುವ ಪ್ರತಿಯೊಂದು ಕೈಯೂ ಗಾರ್ಡ್ ಅವರ ಅನುಮತಿ ಪಡೆಯತಕ್ಕದ್ದು. ಹೊರಬರುವಾಗ ಬೆರಳುಗಳನ್ನು ಎಣಿಸಿ ತೋರಿಸತಕ್ಕದ್ದು. ಕೊರತೆ ಕಂಡುಬಂದಲ್ಲಿ ಸಂಬಂಧಪಟ್ಟ ಕೈಯೇ ಹೊಣೆ." ಮೂಲದಲ್ಲಿ ಹೊನೆ ಎಂದಿತ್ತು. ಸರಿಪಡಿಸಿದೆ.

ಆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ನನ್ನನ್ನು ನೋಡಿದಳು.

"ಏನೋ, ಜಾಲರಿ ಹಾಕಿ ಅಂದ್ರೆ ಮನುಷ್ಯನ್ನ ತಂದು ನಿಲ್ಸಿದ್ದಾರಂತೆ?"

"ಆರ್ಡರಲ್ಲಿ ಒಬ್ಬರು ಅಂತ ಇದೆ ಅಕ್ಕ."

"ಹಂಗಂತ ಬರ್ದೋನು ಯಾರು?"

"ಕಚೇರಿ."

"ನೋಡು, ಇವರ ಕೈಗೇನಾದ್ರೂ ಆದ್ರೆ ನಿನ್ನ ಆ ಕೆಂಪು ಪೆನ್ನು ನನ್ನ ಒಲೆಗೆ ಹೋಗುತ್ತೆ," ಎಂದಳು. ಪೆನ್ನು ಕಚೇರಿಯ ಆಸ್ತಿ. ಜೇಬಿನೊಳಗೆ ಇನ್ನಷ್ಟು ಆಳಕ್ಕೆ ತಳ್ಳಿಕೊಂಡೆ.

ಮುಂದಿನ ತಿಂಗಳು ಒಂದು ಸಣ್ಣ ಘಟನೆ ನಡೆಯಿತು. ಭಾವ ಕಾಗದ ಸರಿಮಾಡುತ್ತಿದ್ದಾಗ ಗಾರ್ಡಣ್ಣ ಹಿಂದಿನಿಂದ, "ಸಹಿ ಪಕ್ಕ ತಾರೀಕು ಹಾಕಿಲ್ಲ," ಎಂದು ಕರೆದರು. ಭಾವ ತಿರುಗಿದರು, ಕಾಲು ಪೆಡಲ್ ಮೇಲೆ ಬಿತ್ತು. ಶರ್ಟಿನ ತೋಳಿನ ಅಂಚು ಗುಂಡಿ ಸಮೇತ ತುಂಡಾಗಿ ಕಾಗದದ ಚೂರುಗಳ ಜೊತೆ ಬುಟ್ಟಿಗೆ ಬಿತ್ತು. ಗಾರ್ಡಣ್ಣ ಪುಸ್ತಕದಲ್ಲಿ ಬರೆದರು: "ಒಳಹೋದದ್ದು: ತೋಳು ಸಹಿತ ಕೈ. ಹೊರಬಂದದ್ದು: ಕೈ." ತಿದ್ದಲೆಂದು ಆ ಪುಟ ನನ್ನ ಬಳಿ ಬಂದಾಗ ಮೂರು ಸಲ ಓದಿದೆ. ವ್ಯಾಕರಣದ ದೋಷ ಇರಲಿಲ್ಲ.

ಭಾವ ಹರಿದ ತೋಳಿನ ಶರ್ಟಿನಲ್ಲೇ ವ್ಯವಸ್ಥಾಪಕರ ಕೋಣೆಗೆ ಹೋದರು. ಗಂಭೀರ ವಿಷಯವೆಂದು ಒಪ್ಪಿದ ವ್ಯವಸ್ಥಾಪಕರು, ಗಾರ್ಡ್ ಎಂದರೆ ಏನು ಎಂಬುದನ್ನು ನಿರ್ಣಯಿಸಲು ಒಂದು ಸಮಿತಿ ರಚಿಸಿದರು. ಅದರ ಏಕೈಕ ಸದಸ್ಯರು ವ್ಯವಸ್ಥಾಪಕರ ಹೆಂಡತಿಯ ತಂದೆ. ಅವರು ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಈ ವಿಷಯದಲ್ಲಿ ಅವರಿಗಿಂತ ಅನುಭವಿಗಳು ಸಿಗುವ ಹಾಗಿರಲಿಲ್ಲ.

"ಸ್ಕೂಟರಿನ ಮಡ್‌ಗಾರ್ಡ್ ಮನುಷ್ಯನಾ ಸಾರ್?" ಎಂದು ಭಾವ ಸಮಿತಿಯ ಮುಂದೆ ಕೇಳಿದರು. "ಗಿಡದ ಸುತ್ತ ಹಾಕ್ತಾರಲ್ಲ ಟ್ರೀ ಗಾರ್ಡ್, ಅದಕ್ಕೆ ಸಂಬಳ ಕೊಡ್ತಾರಾ? ಇದೂ ಅದೇ ಥರ."

ಸಮಿತಿಯವರು ಕನ್ನಡಕ ಒರೆಸಿಕೊಂಡರು.

"ನಾನು ಜೀವಮಾನ ಪೂರ್ತಿ ಗಾರ್ಡ್ ಆಗಿದ್ದೆ ಕಣಪ್ಪ. ಒಬ್ಬನೂ ನನ್ನನ್ನ ಜಾಲರಿ ಅನ್ಲಿಲ್ಲ. ನೀನು ಹೇಳೋವೆಲ್ಲ ದಿನಗೂಲಿ ಲೆಕ್ಕದವು. ಖಾಯಂ ಗಾರ್ಡು ಮನುಷ್ಯನೇ."

ವರದಿಯಲ್ಲಿ ಅವರು ಇನ್ನೊಂದು ಶಿಫಾರಸನ್ನೂ ಮಾಡಿದರು. ಗಾರ್ಡ್ ಹಸಿರು ಬಾವುಟ ತೋರಿಸದೆ ಯಂತ್ರ ಚಲಿಸಕೂಡದು, ಗಾರ್ಡ್ ಯಾವಾಗಲೂ ಕಟ್ಟಕಡೆಯಲ್ಲಿ ಇರತಕ್ಕದ್ದು. ವ್ಯವಸ್ಥಾಪಕರು ಸಂಜೆ ಮನೆಗೆ ಹೋಗಬೇಕಾದವರು, ವರದಿಯನ್ನು ಪೂರ್ತಿ ಒಪ್ಪಿದರು. ಅಂದಿನಿಂದ ಗಾರ್ಡಣ್ಣ ಕಟಿಂಗ್ ವಿಭಾಗದ ಹಿಂದಿನ ಗೋಡೆಗೆ ಒರಗಿ, ಯಂತ್ರ ಕಾಣದ ಜಾಗದಲ್ಲಿ ನಿಂತು, ಬಾವುಟ ಬೀಸುತ್ತಿದ್ದರು.

ಇತ್ತ ಗೇಟಿಗೆ ಗಾರ್ಡ್ ಇಲ್ಲವಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಗೇಟಿನ ಅರ್ಧ ಬಾಗಿಲನ್ನೇ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಉಳಿದ ಅರ್ಧವನ್ನು ಕಾಪಾಡಲು "ಒಬ್ಬರು ಗಾರ್ಡ್" ಬೇಕೆಂದು ತುರ್ತಾಗಿ ಕಡತ ತೆರೆದರು. ಸಿಬ್ಬಂದಿ ವಿಭಾಗ ಹುದ್ದೆ ಇಲ್ಲ ಎಂದಿತು. ಖರೀದಿ ವಿಭಾಗದಲ್ಲಿ ಮಾತ್ರ ವರ್ಷಾಂತ್ಯದೊಳಗೆ ಮುಗಿಸಲೇಬೇಕಾದ ಅನುದಾನ ಉಳಿದಿತ್ತು. ಆದರೆ ಖರೀದಿ ವಿಭಾಗದವರು ನಿಯಮ ಬಲ್ಲವರು. "ನಾವು ಒಂದು, ಎರಡು ಅಂತ ಕೊಂಡ್ಕೋಬಹುದು. ಒಬ್ಬರು, ಇಬ್ಬರು ಅಂತ ಕೊಂಡ್ಕೊಳ್ಳೋಕೆ ಬರಲ್ಲ," ಎಂದು ಷರಾ ಬರೆದು ಭಾಷಾ ಅಭಿಪ್ರಾಯಕ್ಕಾಗಿ ನನಗೆ ಕಳಿಸಿದರು.

ಅವರ ಮಾತು ನ್ಯಾಯವಾಗಿತ್ತು. ಕ್ರಿಯಾಪದ ಖರೀದಿಸು ಎಂದಾದಾಗ ಒಬ್ಬರು ಎನ್ನುವುದು ಕಾನೂನಿಗೂ ಸಲ್ಲದು. "ಒಂದು ಗಾರ್ಡ್ ಅನ್ನು ಖರೀದಿಸತಕ್ಕದ್ದು" ಎಂದು ತಿದ್ದಿಕೊಟ್ಟೆ.

ಅವರು ಯಂತ್ರದ ಬಿಡಿಭಾಗ ಮಾರುವವರ ಪಟ್ಟಿಯಲ್ಲಿ ಗಾರ್ಡ್ ಎಂಬ ಪದ ಹುಡುಕಿ ತರಿಸಿದರು. ಲಾರಿಯಿಂದ ಇಳಿಸುವಾಗ ಭಾವ ಅಲ್ಲೇ ಇದ್ದರು. ನಮ್ಮ ಯಂತ್ರದ್ದೇ ಅಳತೆ, ಅದೇ ತೂತುಗಳು, ಅದೇ ಬೋಲ್ಟು. ಭಾವ ಅದರ ಸರಳುಗಳನ್ನು ಮಗಳ ತಲೆ ನೇವರಿಸುವ ಹಾಗೆ ಮುಟ್ಟಿ ನೋಡಿದರು.

"ಇದೇ ಸಾರ್. ನಾ ಕೇಳಿದ್ದು ಇದೇ."

"ಇದು ಗೇಟಿಗೆ ಬಂದಿರೋದು," ಎಂದರು ಉಗ್ರಾಣದವರು. "ನಿಮ್ಮ ಮಷೀನಿಗೆ ಈಗಾಗ್ಲೇ ಒಬ್ಬರಿದ್ದಾರಲ್ಲ."

ಉಕ್ಕಿನ ಗಾರ್ಡನ್ನು ಗೇಟಿನ ಪಕ್ಕ ಸಿಮೆಂಟಿನ ಕಟ್ಟೆಯ ಮೇಲೆ ಬೋಲ್ಟು ಹಾಕಿ ನಿಲ್ಲಿಸಲಾಯಿತು. ಗೇಟಿನಲ್ಲಿ ಕರ್ತವ್ಯದ ಮೇಲಿರುವವರು ಟೋಪಿ ಧರಿಸತಕ್ಕದ್ದು ಎಂಬ ನಿಯಮವಿದ್ದುದರಿಂದ ಟೋಪಿ ತೊಡಿಸಿದರು. ಹಾಜರಿ ಪುಸ್ತಕದಲ್ಲಿ ಹೆಸರು ಹತ್ತಿತು. ಅದು ತಡವಾಗಿ ಬರಲಿಲ್ಲ, ನಿದ್ದೆ ಮಾಡಲಿಲ್ಲ, ಭತ್ಯೆ ಕೇಳಲಿಲ್ಲ. ವ್ಯವಸ್ಥಾಪಕರು ಸಭೆಯಲ್ಲಿ ಅದನ್ನು ನೋಡಿ ಕಲಿಯಿರಿ ಎಂದರು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಭಾವ ಮತ್ತು ಒಂಬತ್ತೂವರೆ ಸೇರಿ ಬೋಲ್ಟು ಬಿಚ್ಚಿ ಅದನ್ನು ಕಟಿಂಗ್ ವಿಭಾಗದ ಬಾಗಿಲವರೆಗೆ ಹೊತ್ತು ತಂದರು. ಗಾರ್ಡಣ್ಣ ಸೀಟಿ ಊದಿದರು. ಡ್ಯೂಟಿ ಬಿಟ್ಟು ಬಂದ ಸಹೋದ್ಯೋಗಿಯನ್ನು ಅವರು ಹೇಗೆ ತಾನೇ ಒಳಗೆ ಬಿಟ್ಟಾರು? ಇಬ್ಬರಿಗೂ ನೋಟಿಸ್ ಹೋಯಿತು: "ಕರ್ತವ್ಯನಿರತ ಸಿಬ್ಬಂದಿಯನ್ನು, ಹಾಡಹಗಲೇ ಎತ್ತಿಕೊಂಡು ಹೋಗಲು ಯತ್ನ." ನನ್ನಿಂದ ಒಂದು ಅಲ್ಪವಿರಾಮ ಸೇರಿತು.

ವಿಚಾರಣೆಗಾಗಿ ಕಾಗದಪತ್ರ ತಿರುವುವಾಗ ಸಿಬ್ಬಂದಿ ವಿಭಾಗಕ್ಕೆ ಆಘಾತಕಾರಿ ಅಂಶವೊಂದು ಕಂಡಿತು. ಗೇಟಿನ ಗಾರ್ಡ್ ಸೇರಿದಂದಿನಿಂದ ಒಂದೇ ಒಂದು ರಜೆ ತೆಗೆದುಕೊಂಡಿಲ್ಲ. ಹೀಗೆ ದುಡಿಸುವುದು ನಿಯಮಬಾಹಿರ, ಯಾರಾದರೂ ಕೋರ್ಟಿಗೆ ಹೋದರೆ ವ್ಯವಸ್ಥಾಪಕರ ತಲೆಗೆ ಬರುತ್ತದೆ. ಕೂಡಲೇ ರಜೆ ಕೊಡಿ ಎಂದರು ವ್ಯವಸ್ಥಾಪಕರು. ಆದರೆ ರಜೆಯ ಅರ್ಜಿಯಲ್ಲಿ, ರಜೆಯ ಅವಧಿಯಲ್ಲಿ ಎಲ್ಲಿರುತ್ತಾರೆ ಎಂಬ ವಿಳಾಸ ತುಂಬಲೇಬೇಕು. ಆ ಜಾಗ ಖಾಲಿ ಉಳಿಯಿತು. ವಿಚಾರಣೆಗೆ ನಿಂತಿದ್ದ ಭಾವ ಮೆಲ್ಲಗೆ ಬಾಯಿಬಿಟ್ಟರು.

"ರಜೆ ಸಿಕ್ಕಿದ್ರೆ ಎಲ್ರೂ ಊರಿಗೆ ಹೋಗ್ತಾರೆ ಸಾರ್. ಅದರ ಊರು ನಮ್ಮ ಮಷೀನು."

ವ್ಯವಸ್ಥಾಪಕರ ಕಣ್ಣು ತೇವವಾಯಿತು. ಅವರೂ ಊರಿಗೆ ಹೋಗಿ ಬಹಳ ದಿನವಾಗಿತ್ತು. ಸಹಿ ಹಾಕಿದರು.

ಆ ದಿನ ಉಕ್ಕಿನ ಗಾರ್ಡ್ ಯಂತ್ರದ ಮುಂದೆ ಕೂತಿತು. ಗೇಟು ಖಾಲಿ ಬಿಡುವಂತಿಲ್ಲವಾದ್ದರಿಂದ ಬದಲಿಯಾಗಿ ಗಾರ್ಡಣ್ಣ ಸೀಟಿ, ಬಾವುಟ, ಪುಸ್ತಕದೊಂದಿಗೆ ಗೇಟಿಗೆ ಹೋದರು. ಭಾವ ಸಹಿಯಿಲ್ಲದೆ, ಹೆಬ್ಬೆಟ್ಟಿಲ್ಲದೆ, ಹಾಡು ಗುನುಗುತ್ತಾ ಸಂಜೆಯವರೆಗೆ ಕಾಗದ ಕತ್ತರಿಸಿದರು. ಮರುದಿನ ರಜೆ ಮುಗಿಯಿತು, ಎಲ್ಲರೂ ತಂತಮ್ಮ ಜಾಗಕ್ಕೆ ಮರಳಿದರು. ಈಗ ಅದೇ ಪದ್ಧತಿಯಾಗಿದೆ. ಗೇಟಿನ ಗಾರ್ಡಿಗೆ ವರ್ಷಕ್ಕೆ ಹನ್ನೆರಡು ರಜೆ, ಆ ಹನ್ನೆರಡೂ ದಿನ ಅದು ಊರಿಗೆ ಹೋಗಿ ಬರುತ್ತದೆ. ಆ ದಿನಗಳಲ್ಲಿ ಮಾತ್ರ ಕೆಲಸ ಅತಿಯಾಗಿ ಆಗುತ್ತಿರುವುದು ಅನುಮಾನಾಸ್ಪದ ಎಂದು ಲೆಕ್ಕ ತಪಾಸಣೆಯವರು ಬರೆದಿದ್ದಾರೆ. ಉತ್ತರ ತಯಾರಾಗುತ್ತಿದೆ.

ಅಕ್ಕ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ, "ಇವತ್ತು ಅದಕ್ಕೆ ರಜೆನಾ?" ಎಂದು ಕೇಳುತ್ತಾಳೆ. ಹೌದು ಎಂದ ದಿನ ಭಾವ ಮಗಳ ಜಡೆಯನ್ನು ಚಕಚಕನೆ ಹೆಣೆದು ಓಡುತ್ತಾರೆ. ಇಲ್ಲ ಎಂದ ದಿನ ತುಂಬಾ ನಿಧಾನವಾಗಿ, ಬಿಚ್ಚಿ ಮತ್ತೆ ಹಾಕುತ್ತಾ ಹೆಣೆಯುತ್ತಾರೆ. ಮಗುವಿಗೆ ಶಾಲೆಗೆ ತಡವಾಗುತ್ತದೆ.

ಈ ವರ್ಷದ ಹನ್ನೆರಡನೇ ರಜೆಯೂ ಕಳೆದ ವಾರ ಮುಗಿಯಿತು. ನಿನ್ನೆ ಅವರ ಮನೆಗೆ ಹೋದಾಗ ಅಕ್ಕ ಮಗಳನ್ನು ಕನ್ನಡಿಯ ಮುಂದೆ ಕೂರಿಸಿ, ತಾನೇ ಜಡೆ ಹೆಣೆದುಕೊಳ್ಳುವುದನ್ನು ಕಲಿಸುತ್ತಿದ್ದಳು.

"ಯಾಕಕ್ಕ, ಭಾವ ಹಾಕ್ತಾರಲ್ಲ?" ಎಂದೆ.

"ಇರ್ಲಿ ಬಿಡೋ. ಕಲ್ತಿರ್ಲಿ," ಎಂದಳು.

ಆ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.